ತಮ್ಮನ ಡಬ್ಬಿ ಕಾದ ತೆಪ್ಪದಜ್ಜ

ತೆಪ್ಪದಜ್ಜನ ಬೆರಳ ತುದಿಗಳು ಸದಾ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ದಿನವಿಡೀ ಒದ್ದೆ ಬಲೆ ಬಿಡಿಸುವವರ ಕೈ ಅದು. ಶಿರಾ ಹತ್ತಿರದ ಕೆರೆಯೊಂದರಲ್ಲಿ ಮೀನು ಹಿಡಿಯುತ್ತಿದ್ದರು. ಯಾರನ್ನಾದರೂ ಕರೆದೊಯ್ಯಲು ತೆಪ್ಪ ಇಳಿಸುವ ಮುನ್ನ ಬೊಗಸೆ ನೀರೆತ್ತಿ, "ಗಂಗವ್ವ, ಹೊಸಬ್ರು ಬಂದವ್ರೆ, ಸುಮ್ಕಿರು," ಎಂದು ಕೆರೆಯನ್ನೇ ಗದರುವುದು ಅವರ ಅಭ್ಯಾಸ.

ನಾನು ಹೋದದ್ದು ತಮ್ಮನ ಡಬ್ಬಿ ಹುಡುಕಲು. ಅವನಿಗೆ ಜಿಯೋಕ್ಯಾಶಿಂಗ್ ಎಂಬ ಆಟದ ಹುಚ್ಚು: ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು, ಜಾಗದ ಗುರುತನ್ನು ಫೋನಿನಲ್ಲಿ ಹಾಕುವುದು, ಹುಡುಕಿ ಬಂದವರು ಒಳಗಿನ ಪುಸ್ತಕದಲ್ಲಿ ಬರೆದು ಮತ್ತೆ ಅಲ್ಲೇ ಇಟ್ಟು ಹೋಗುವುದು. ನೀರು ಕಡಿಮೆಯಿದ್ದಾಗ ನಡೆದೇ ಹೋಗಿ ಕೆರೆ ನಡುವಿನ ಬಂಡೆಗುಡ್ಡೆಯಲ್ಲಿ ಒಂದನ್ನು ಇಟ್ಟುಬಂದ ತಿಂಗಳಲ್ಲೇ ಹೆದ್ದಾರಿಯಲ್ಲಿ ಬೈಕ್ ಅಪಘಾತವಾಗಿ ಹೋಗಿಬಿಟ್ಟ. ಅವನು ಕೊನೆಯದಾಗಿ ಬರೆದದ್ದು ಆ ಪುಸ್ತಕದಲ್ಲಿತ್ತು. ಆ ವರ್ಷವೇ ಕೆರೆ ತುಂಬಿ ಕೋಡಿ ಬಿತ್ತು.

ನೀರೆಂದರೆ ನನಗೆ ಪ್ರಾಣಭಯ. ತೆಪ್ಪ ಸುತ್ತತೊಡಗಿದಾಗ ಕಣ್ಣು ಮುಚ್ಚಿದೆ. "ನೀರ್ನ ನೋಡ್ಬ್ಯಾಡ ಕಣಮ್ಮ, ನನ್ ಮೊಕ ನೋಡು. ಚೆಂದಾಗಿಲ್ಲ ನಿಜ, ಆದ್ರೆ ಅಲ್ಲಾಡಲ್ಲ," ಎಂದರು ಅಜ್ಜ.

ಫೋನು ತೋರಿಸಿದ ಜಾಗ ನೀರಿನಡಿಯಲ್ಲಿತ್ತು. ನಾನು ತೆಪ್ಪದಲ್ಲೇ ಅತ್ತುಬಿಟ್ಟೆ. ಸಂಗತಿ ಕೇಳಿದ ಅಜ್ಜ ತೆಪ್ಪವನ್ನು ಗುಡ್ಡೆಗೆ ತಾಗಿಸಿ, ನನ್ನನ್ನು ಅದರ ನೆತ್ತಿಗೆ ಹತ್ತಿಸಿದರು. ಬಂಡೆಯ ಸಂದಿಯಲ್ಲಿ ಸ್ಟೀಲ್ ಡಬ್ಬಿ. ಮುಚ್ಚಳದ ಮೇಲೆ ಅರಿಶಿನ, ಕುಂಕುಮ, ಒಣಗಿದ ಕಣಗಿಲೆ ಹೂವು.

"ಯಾರೋ ಹರಕೆ ಇಕ್ಕವ್ರೆ ಅಂದ್ಕಂಡೆ. ನೀರು ಏರ್ತಿತ್ತು. ಮುಳುಗೋಕೆ ಬುಡಕ್ಕಾಯ್ತದಾ? ಮ್ಯಾಕೆ ತಂದಿಕ್ದೆ."

"ತೆಗೆದು ನೋಡ್ಲಿಲ್ವಾ ಅಜ್ಜ?"

"ಬ್ಯಾರೆಯೋರ ಹರಕೆ ಬಿಚ್ಚಬಾರ್ದು ಕಣಮ್ಮ."

ಪುಸ್ತಕ ಒಂದಿಷ್ಟೂ ನೆಂದಿರಲಿಲ್ಲ. ಮೊದಲ ಪುಟದಲ್ಲಿ ತಮ್ಮನ ಓರೆ ಅಕ್ಷರ. ಓದಿ ಹೇಳು ಎಂದರು ಅಜ್ಜ. "ನೀರಿಗೆ ಹೆದರುವ ನಮ್ಮಕ್ಕನನ್ನು ಒಂದು ದಿನ ಇಲ್ಲಿಗೆ ಕರ್ಕೊಂಡು ಬರಬೇಕು," ಎಂದು ಓದಿದೆ. ಅಜ್ಜ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಬಂದ್ಬುಟ್ಯಲ್ಲ ಬುಡು," ಎಂದರು. ಡಬ್ಬಿಯನ್ನು ಮನೆಗೆ ಒಯ್ಯಲು ಮನಸ್ಸಾಗಲಿಲ್ಲ. ಅವರ ಕೈಯಲ್ಲೇ ಅಲ್ಲಿಡಿಸಿ ಬಂದೆ.

ಈ ವರ್ಷ ಹೋದಾಗ ಅಜ್ಜ ಇರಲಿಲ್ಲ. ದಮ್ಮು ಹೆಚ್ಚಾಗಿ ತೀರಿಕೊಂಡರಂತೆ. ಅವರ ಮಗಳು ಏರಿಯ ಮೇಲೆ ಬಲೆ ಒಣಹಾಕುತ್ತಿದ್ದಳು. "ಕೊನೆಗೆ ಮಾತೇ ಹೊರಡ್ತಿರ್ಲಿಲ್ಲ ಅಕ್ಕಾ," ಎಂದಳು. "ಆದ್ರೂ, ಮಳೆ ಸುರುವಾಯ್ತು, ಆ ಮಗೀನ ಡಬ್ಬಿ ನೋಡ್ಕಳಿ ಅಂದ್ರು."

ನನ್ನ ತಮ್ಮನನ್ನು ಅವರು ಒಮ್ಮೆಯೂ ಕಂಡವರಲ್ಲ. ಏರಿಯ ಮೇಲೆ ಕೂತು ಇಬ್ಬರಿಗಾಗಿಯೂ ಅತ್ತೆ.