ಲಾಲಸಾಬರ ಆಮೆ

ಲಾಲಸಾಬರು ಯಾವುದಕ್ಕೇ ಬಣ್ಣ ಹಚ್ಚಲಿ, ಮೊದಲು ನೆಲದ ಮೇಲೆ ಅಂಗಾತ ಮಲಗಿ ಅದರ ಹೊಟ್ಟೆಯ ಕೆಳಗೆ ತೂರಿಕೊಳ್ಳುತ್ತಿದ್ದರು. ಎದೆಯ ಮೇಲೆ ಡಬ್ಬಿ, ಬಾಯಲ್ಲಿ ಇನ್ನೊಂದು ಬ್ರಷ್. ಬಿಳಿ ಗಡ್ಡದಲ್ಲಿ ಸದಾ ಒಂದೆರಡು ಹನಿ ನೀಲಿ. ಸಿಂದಗಿ ಕಡೆಯಿಂದ ಹರೆಯದಲ್ಲೇ ಗೋವಾದ ವಾಸ್ಕೋಗೆ ಬಂದವರು, ಮೀನಿನ ದೋಣಿಗಳಿಗೆ ಬಣ್ಣ ಹಚ್ಚುತ್ತಲೇ ಮುದುಕರಾದರು.

ಊರಿನ ರಸ್ತೆಗಳಲ್ಲಿ ಕಾರ್ಟೂನ್ ಪ್ರಾಣಿಗಳ ಫೈಬರ್ ಗೊಂಬೆ ನಿಲ್ಲಿಸಿ, ಇಲ್ಲಿಯ ಕಲಾವಿದರಿಂದಲೇ ಸಿಂಗಾರ ಮಾಡಿಸುವುದೆಂದು ಪುರಸಭೆಯವರು ಗೊತ್ತುಮಾಡಿದಾಗ ನಮ್ಮಿಬ್ಬರ ಪಾಲಿಗೆ ಬಂದದ್ದು ಒಂದು ನಗುವ ಆಮೆ. ನಾನು ಫಾತೋರ್ಡಾದ ಗೌಂಡಿಯ ಮಗಳು, ಶಾಲೆಯಲ್ಲಿ ಡ್ರಾಯಿಂಗ್ ಟೀಚರ್; ಓದಿದವಳೆಂಬ ಜಂಬ ಬೇರೆ. ಮೊದಲ ದಿನವೇ ನನ್ನ ನಕ್ಷೆ ನೋಡಿ ಅವರು, "ಚಲೋ ಐತ್ರಿ ಬಾಯಾರ. ಆದ್ರ ಇದು ನಗಾಕತ್ತಿಲ್ಲ, ಹಲ್ಲು ತೋರಸಾಕತ್ತೈತಿ," ಎಂದರು. ನನಗೆ ಉರಿದುಹೋಯಿತು. ಮರುದಿನ ಸುಮ್ಮನೆ ಬಾಯಿ ತಿದ್ದಿದೆ.

ಮಧ್ಯಾಹ್ನ ಅವರ ಹೆಂಡತಿ ಹುಸೇನಬಿ ಬುತ್ತಿ ತರುತ್ತಿದ್ದರು. ಅಕ್ಷರ ಬಾರದ ಆಕೆಗೆ ಒಂದೇ ಆಸೆ: ಗಂಡನ ಹೆಸರನ್ನು ನಾಲ್ಕು ಮಂದಿ ಓಡಾಡುವ ಕಡೆ ನೋಡಬೇಕು.

"ಇಷ್ಟು ವರ್ಷ ಮಂದಿ ದೋಣಿ ಮ್ಯಾಲ ಮಂದಿ ಹೆಸರು ಬರದ್ರಿ. ಇದಕ್ಕರ ನಿಮ್ಮ ಹೆಸರು ಹಾಕ್ರಿ."

"ಹಾಕತೀನಿ ತಗೋ."

ಹಾಕಿದರು ಕೂಡ, ಆದರೆ ಹೊಟ್ಟೆಯ ಕೆಳಗೆ! ದೋಣಿಯ ಮೇಲ್ಭಾಗದಲ್ಲಿ ದೋಣಿಯ ಹೆಸರು, ನೀರಲ್ಲಿ ಮುಳುಗುವ ಅಡಿಯಲ್ಲಿ ಬಣ್ಣದವನ ಹೆಸರು. ಅದು ಅವರು ಪಾಲಿಸಿಕೊಂಡು ಬಂದ ರೂಢಿ. ಮಳೆಗಾಲಕ್ಕೆ ದೋಣಿಯನ್ನು ದಡಕ್ಕೆಳೆದಾಗ ಕಂಡರೆ ಸಾಕು. ಈ ಆಮೆಯನ್ನು ಯಾರೂ ಎಳೆಯುವುದಿಲ್ಲವೆಂದು ಅವರಿಗೆ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಕ್ರೇನ್ ಬಂತು, ಆಮೆಯನ್ನು ಸಿಮೆಂಟ್ ಕಟ್ಟೆಯ ಮೇಲೆ ಕೂರಿಸಿ ಬೋಲ್ಟ್ ಬಿಗಿದರು.

ಮರುದಿನ ಹುಸೇನಬಿ ಹೊಸ ಸೀರೆ ಉಟ್ಟು ಬಂದರು. ಮೊಣಕಾಲು ನೋವೆಂದು ಸಂಜೆಯ ರೈಲಿಗೆ ಮಗಳ ಮನೆಗೆ ಹೊರಟಿದ್ದರು, ಇನ್ನು ಅಲ್ಲೇ ಇರುವವರು. ಲಾಲಸಾಬರು ಕೈಯಲ್ಲಿದ್ದ ದೋಣಿಗಳನ್ನು ಮುಗಿಸಿ ಹೋಗುವುದೆಂದಿತ್ತು. ಆಕೆ ಆಮೆಯನ್ನು ಒಂದು ಸುತ್ತು ಬಂದು, "ಎಲ್ಲೈತ್ರಿ ಹೆಸರು?" ಎಂದರು.

ಲಾಲಸಾಬರ ಮುಖ ಸಣ್ಣದಾಯಿತು. ಕ್ರೇನಿನ ಗೀರು ಮುಚ್ಚಲು ನಾನು ತಂದಿದ್ದ ಬ್ರಷ್ ಇಸಿದುಕೊಂಡು, ರಸ್ತೆಗೆ ಮುಖ ಮಾಡಿದ ಚಿಪ್ಪಿನ ಮೇಲೆ ದೊಡ್ಡ ಬಿಳಿ ಅಕ್ಷರಗಳಲ್ಲಿ ಬರೆದರು: ಹುಸೇನಬಿ.

"ಇದು ನಿಮ್ಮ ಹೆಸರೇನ್ರಿ?" ಆಕೆ ಕೇಳಿದರು.

"ಹೂಂ ಮತ್ತ. ನಂದ."

ಆಕೆ ಹಸಿ ಬಣ್ಣಕ್ಕೆ ತಾಗದ ಹಾಗೆ ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿದರು. ನಾನು ಬಾಯಿ ತೆರೆದೆ; ಲಾಲಸಾಬರು ನೋಡಿದ ನೋಟಕ್ಕೆ ಮುಚ್ಚಿಕೊಂಡೆ. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಮ್ಯಾಲ ದೋಣಿ ಹೆಸರು ಇರಬೇಕಲ್ರಿ ಬಾಯಾರ. ನಂದು ಕೆಳಗ ಐತಿ."

ಆ ಮಳೆಗಾಲ ಮುಗಿಯುವ ಮೊದಲೇ ಲಾಲಸಾಬರು ತೀರಿಕೊಂಡರು. ಅವರ ಜೊತೆ ಇನ್ನೊಂದಿಷ್ಟು ಕೆಲಸ ಮಾಡಬೇಕಿತ್ತು, ಇನ್ನೊಂದಿಷ್ಟು ಬೈಸಿಕೊಳ್ಳಬೇಕಿತ್ತು. ನೆನೆದರೆ ಈಗಲೂ ಸಂಕಟವಾಗುತ್ತದೆ. ಹುಸೇನಬಿ ಆಗಾಗ ಫೋನ್ ಮಾಡುತ್ತಾರೆ.

"ಬಾಯಾರ, ಅವರ ಹೆಸರು ಮಾಸಿಲ್ಲಲ್ರಿ?"

"ಇಲ್ರಿ," ಎನ್ನುತ್ತೇನೆ. "ನಿನ್ನೆ ನೋಡಿ ಬಂದೇನಿ. ಹಂಗ ಐತಿ."