ಚರ್ಚಿನ ಮೇಜಿನ ಮೇಲೆ ಕೇಸರಿ ಹಾಲು

ಸ್ವೀಡನ್ನಿನ ಸೊಲ್ಲೆಂಟುನಾ ಎಂಬ ಊರಿನ ನಮ್ಮ ಮನೆಯ ಹತ್ತಿರದ ಚರ್ಚಿನಲ್ಲಿ ವಾರಕ್ಕೊಮ್ಮೆ ಸ್ವೀಡಿಷ್ ಮಾತು ಕಲಿಸುತ್ತಿದ್ದವರು ಆಫ್ರಿಕಾದ ಒಬ್ಬ ವಯಸ್ಸಾದ ಪಾದ್ರಿ. ದೇವರಿಗೆ ದೀಪ ಹಚ್ಚದೆ ಕಾಫಿ ಕುಡಿಯದ ನಾನು ಚರ್ಚಿಗೆ ಹೋಗುವುದೇ ಎಂದು ಮೊದಮೊದಲು ಹಿಂಜರಿದೆ. ಹೋದ ಮೇಲೆ ಬೆಚ್ಚಗಿನ ಕೋಣೆ ಸಿಕ್ಕಿತು, ತಾಳ್ಮೆಯಿಂದ ಹೇಳಿಕೊಡುವವರು ಸಿಕ್ಕರು. ದೇವರು ಯಾವ ಬಾಗಿಲಿಂದ ಕೊಟ್ಟರೇನು, ಕೊಟ್ಟನಲ್ಲ.

ಅವರು ತಮ್ಮ ಬದುಕನ್ನೇ ನಮಗೆ ಪಾಠ ಮಾಡಿದ್ದರು. ನಮಗೆ ತಿಳಿಯಲೆಂದು ಪುಟ್ಟ ಪುಟ್ಟ ವಾಕ್ಯ. "ನಾನು ಓದಿದೆ. ನಮ್ಮೂರಿನ ಕರಿಯರಲ್ಲಿ ಡಾಕ್ಟರೇಟ್ ಪಡೆದವನು ನಾನೇ ಮೊದಲು. ಕಾಲೇಜಿನಲ್ಲಿ ಪಾಠ ಹೇಳಿದೆ. ನಮಗೂ ಓಟಿನ ಹಕ್ಕು ಕೊಡಿ ಎಂದು ಪ್ರಾರ್ಥನೆಯ ಹೊತ್ತಿನಲ್ಲಿ ಹೇಳಿದೆ. ಪೊಲೀಸರು ಬಂದರು." ಜೈಲಿಗೆ ಸ್ವೀಡಿಷ್‌ನಲ್ಲಿ ಏನೆನ್ನುತ್ತಾರೆಂದು ನಾನು ಕಲಿತದ್ದು ಹಾಗೆ. ಬಿಡುಗಡೆಯಾಗಿ ಇಲ್ಲಿಗೆ ಬಂದ ಮೇಲೂ ಅವರು ಪುಸ್ತಕ ಬರೆದರು, ತಮ್ಮವರಿಗಾಗಿ ಚಳಿಯಲ್ಲಿ ಮೆರವಣಿಗೆ ನಡೆದರು. ನಾವು ತಲೆಯಾಡಿಸುತ್ತ ಪದಗಳನ್ನು ಬರೆದುಕೊಳ್ಳುತ್ತಿದ್ದೆವು.

ಹೋದ ಡಿಸೆಂಬರಿನಲ್ಲಿ ನಾನು ಬಸುರಿ. ಬಾಣಂತನಕ್ಕೆಂದು ಮೊದಲೇ ಬಂದಿದ್ದ ಅತ್ತೆ ದಿನಾ ಫ್ಲಾಸ್ಕಿನಲ್ಲಿ ಕೇಸರಿ ಹಾಲು ತುಂಬಿಕೊಡುತ್ತಿದ್ದರು. ಇಲ್ಲಿ ಆ ತಿಂಗಳು ಎಲ್ಲರ ಮನೆಯಲ್ಲೂ ಕೇಸರಿ ಹಾಕಿದ ಬನ್ನು. ಪಾದ್ರಿಗಳೂ ತಂದಿದ್ದರು. ನಿಮ್ಮ ನಿಮ್ಮ ದೇಶದಲ್ಲಿ ಕೇಸರಿ ಯಾವುದಕ್ಕೆ, ಒಬ್ಬೊಬ್ಬರೇ ಹೇಳಿ ಎಂದರು. ಇರಾನಿನ ಹೆಂಗಸು ಅನ್ನದ ಬಗ್ಗೆ ಹೇಳಿದಳು. ನನ್ನ ಸರದಿ ಬಂದಾಗ ಹಾಲನ್ನು ಪಾದ್ರಿಗಳ ಕಪ್ಪಿಗೂ ಬಗ್ಗಿಸಿ, ಒಂದೂ ತಪ್ಪಿಲ್ಲದೆ, ಜೀವನದಲ್ಲೇ ಮೊದಲ ಸಲ ಅಷ್ಟುದ್ದದ ಸ್ವೀಡಿಷ್ ವಾಕ್ಯ ಆಡಿದೆ: "ನಮ್ಮಲ್ಲಿ ಬಸುರಿಯರು ಇದನ್ನು ಕುಡಿಯುತ್ತಾರೆ, ಮಗು ಕಪ್ಪಾಗದೆ ಬೆಳ್ಳಗೆ ಹುಟ್ಟಲಿ ಎಂದು."

ಶಹಭಾಸ್ ಎನ್ನುತ್ತಾರೆಂದು ಅವರ ಮುಖ ನೋಡಿದೆ. ಹಾಲಿನ ಕಪ್ ಅವರ ತುಟಿಯ ಹತ್ತಿರವೇ ನಿಂತಿತ್ತು.

ಪಕ್ಕದಲ್ಲಿದ್ದ ಬೆಂಗಳೂರಿನ ಗೆಳತಿ ಮೇಜಿನ ಕೆಳಗೆ ತೊಡೆ ಚಿವುಟಿದಳು. "ಅಯ್ಯೋ, ಯಾರ್ ಮುಂದೆ ಏನ್ ಹೇಳ್ದೆ? ಲೂಸಾ ನೀನು?"

ಆಗ ಅರ್ಥವಾಯಿತು.

"ವಾಕ್ಯ ಸರಿಯಾಗಿದೆ," ಎಂದು ಪಾದ್ರಿಗಳು ಹಾಲು ಕುಡಿದರು. ಆಮೇಲೆ ಮೆಲ್ಲಗೆ, ಪಾಠದ ಪ್ರಶ್ನೆಯ ಹಾಗೆಯೇ ಕೇಳಿದರು: "ಕಪ್ಪಾಗಿ ಹುಟ್ಟಿದರೆ?"

ಹೇಗಾದರೂ ಸರಿಮಾಡಬೇಕೆಂಬ ಗಡಿಬಿಡಿ. "ಆದರೂ ಪ್ರೀತಿಸುತ್ತೇವೆ," ಎಂದುಬಿಟ್ಟೆ.

"ನಾನು ಹುಟ್ಟಿದ ದಿನ, ಮುಂದೆ ಎಷ್ಟು ಕಪ್ಪಾಗುತ್ತೇನೆಂದು ನನ್ನ ಕಿವಿಯ ಹಿಂದಿನ ಬಣ್ಣ ನೋಡಿ ನಮ್ಮಜ್ಜಿಯೂ ಹಾಗೇ ಅಂದಿದ್ದಳಂತೆ," ಎಂದರು ಅವರು. ನಕ್ಕರು. ಬೇರೆ ಯಾರೂ ನಗಲಿಲ್ಲ.

ಮನೆಗೆ ಬಂದು ಅತ್ತೆಗೆ ಹೇಳಿದರೆ, "ನಾವೇನು ಅವ್ರನ್ನ ಅಂದ್ವಾ? ನಮ್ ಮಗೂಗೆ ತಾನೇ ಕೇಳ್ಕೊಂಡಿದ್ದು," ಎಂದರು. ಗಂಡ ಲ್ಯಾಪ್‌ಟಾಪಿನಿಂದ ತಲೆಯೆತ್ತದೆ, "ಮುಂದಿನ್ ವಾರ ಹೋಗಿ ಸಾರಿ ಅಂದ್ಬಿಡು, ಮುಗೀತು," ಎಂದರು.

ಹೋದೆ. ಬೆನ್ನಿಗೆ ದಿಂಬಿಟ್ಟ ಕುರ್ಚಿಯೊಂದನ್ನು ಪಾದ್ರಿಗಳು ನನಗಾಗಿ ಎಳೆದಿಟ್ಟಿದ್ದರು. ಅಷ್ಟು ಕರುಣೆ ನನ್ನ ಪಾಲಿಗೆ ಉಳಿದಿತ್ತು. ಅದಕ್ಕೂ ದೇವರಿಗೆ ಕೈಮುಗಿದೆ. ಕ್ಷಮಿಸಿ ಎನ್ನಲು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ.

"ಮಗು ಒದೆಯುತ್ತಿದೆಯೇ?" ಎಂದು ಕೇಳಿದರು. ಹೂಂ ಎಂದು ತಲೆಯಾಡಿಸಿದೆ, ಅಷ್ಟೇ. ಕ್ಷಮೆಯ ಮಾತು ಹೊರಡಲಿಲ್ಲ. ಆ ಬೆಳಿಗ್ಗೆಯೂ ದೀಪದ ಮುಂದೆ ಕೂತು, ಮಗುವಿಗೆ ನನ್ನ ಬಣ್ಣ ಬರದಿರಲಪ್ಪಾ ಎಂದು ಬೇಡಿಕೊಂಡೇ ಹೊರಟಿದ್ದೆ.