ಮಣ್ಣಾಳಿನ ಕೊನೆಯ ನಿಯಮ

ಕಾಲೇಜಿನ ದಿನಗಳಲ್ಲಿ, ತಮಿಳು ಸೀಮೆಯ ಸಿಂಗಾನಲ್ಲೂರಿನ ಬಾಡಿಗೆ ಕೋಣೆಯಲ್ಲಿ ನನ್ನ ಜೊತೆಗಿದ್ದವನು ಅಲ್ಲೇ ಕಾರಮಡೈ ಕಡೆಯ, ತಮಿಳು ಶಾಲೆಯಲ್ಲಿ ಓದಿದ ಕನ್ನಡಿಗ. ಬ್ರೌಸಿಂಗ್ ಸೆಂಟರಿನಿಂದ ನಿಯಮಗಳ ಪ್ರಿಂಟ್ ತಂದು ನಾವು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸಿ ಆಡುತ್ತಿದ್ದ ಕಥೆಯಾಟಕ್ಕೆ ಅವನು ತನ್ನದೇ ಪಾತ್ರವೊಂದನ್ನು ಕಟ್ಟುತ್ತಿದ್ದ: ಮಣ್ಣಿನಲ್ಲಿ ಆಳುಗಳನ್ನು ಮಾಡಿ ಜೀವ ತುಂಬುವವನು. ಊಟಕ್ಕೆ ಕರೆದರೆ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು, "ಇರು ಡಾ, ಬಂದ್ಬಿಟ್ಟೆ" ಎನ್ನುತ್ತಿದ್ದ. ಬರುತ್ತಿರಲಿಲ್ಲ.

ಕಾಲೇಜು ಮುಗಿದ ದಿನ, ಆ ಪಾತ್ರದ ನಿಯಮಗಳನ್ನೆಲ್ಲ ಬರೆದಿದ್ದ ನೋಟ್‌ಬುಕ್ಕನ್ನು ನನ್ನ ಕೈಗಿಟ್ಟ. "ನಿಂಗೋಸ್ಕರ ಪೂರಾ ಕನ್ನಡದಲ್ಲೇ ಬರ್ದಿದೀನಿ." ಮಾತೇನೋ ಕನ್ನಡವೇ, ಅಕ್ಷರ ಮಾತ್ರ ತಮಿಳು, ಅವನಿಗೆ ಬರುತ್ತಿದ್ದ ಲಿಪಿ ಅದೊಂದೇ. ನನಗೆ ಓದಲು ಬರದೆಂದಾಗ ನಕ್ಕ. "ನಾನೇ ಬಂದು ಓದಿ ಹೇಳ್ತೀನಿ, ಇರು ಡಾ" ಎಂದು ಬಸ್ಸು ಹತ್ತಿದವನು ಮತ್ತೆ ಸಿಗಲಿಲ್ಲ.

ವರ್ಷಗಳ ಮೇಲೆ ತಮಿಳಕ್ಷರ ಕಲಿತು ಕೊನೆಯ ನಿಯಮ ಓದಿದೆ: "ಮಾಡ್ದೋನು ಹೋದ್ಮೇಲೂ, ಅವ್ನು ಕಡೇಗೆ ಏನ್ ಹೇಳಿದ್ನೋ ಅದನ್ನೇ ಮಣ್ಣಾಳು ಮಾಡ್ತಾ ಇರ್ತದೆ."

ನಾನಿನ್ನೂ ಕಾಯುತ್ತಿದ್ದೇನೆ.